ಡಾಂಬರು ಹಿಡಿದ ಕೈ

ಮಂತ್ರಿಗಳ ಕಾರು ಬರುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ, ಜಲ್ಲಿಯ ಮೇಲಿನ ಧೂಳನ್ನೂ ಗುಡಿಸದೆ ಡಾಂಬರು ಸುರಿದ ರಸ್ತೆ ಅದು. ಮೇಲೆ ನೋಡಿದರೆ ಹೊಸ ಸರಕಿನ ಮಿರುಗು. ಮೊದಲ ಮಳೆಗೆ ಸಣ್ಣ ಬಿರುಕಿನಿಂದ ನೀರು ಒಳಗಿಳಿದಾಗ ಡಾಂಬರು ಹೆದರಿತು. ಜಲ್ಲಿ ಕಿತ್ತುಹೋದರೆ ಇಲ್ಲಿ ಗುಂಡಿ, ಆಮೇಲೆ ತನಗೂ ಉಳಿಗಾಲವಿಲ್ಲ.

“ಏನವ್ವ, ಇಲ್ಲೇನು ಕೆಲಸ ನಿನಗೆ?”

“ದಾರಿಹೋಕಳಪ್ಪ. ಮೇಲೆ ಲಾರಿಗಳ ಕಾಟ. ಒಂದು ಗಳಿಗೆ ಕೂತು ಹೋಗುತ್ತೇನೆ,” ಎಂದಿತು ನೀರು.

“ನಿನ್ನ ಗಳಿಗೆ ನನಗೆ ಗೊತ್ತು! ಜಲ್ಲಿಯಣ್ಣ, ಇವಳಿಗೆ ಜಾಗ ಕೊಡಬೇಡ. ನಾನು ಬಿಗಿಯಾಗಿ ಹಿಡಿದಿದ್ದೇನೆ, ನೀನೂ ಹಿಡಿದುಕೋ.”

ದೂರದಲ್ಲಿ ಲಾರಿಯ ಸದ್ದು ಕೇಳಿತು.

“ಅಣ್ಣಾ, ಓಗೊಡೋ!”

“ಯಾರಪ್ಪಾ ಅದು ಕೂಗುವುದು?” ಎಂದಿತು ಜಲ್ಲಿ ಕೆಳಗಿನಿಂದ. “ಇಲ್ಲಿಗೆ ಬಂದಂದಿನಿಂದ ನನ್ನ ಮೈಗೆ ಯಾರ ಕೈಯೂ ತಾಗಿಲ್ಲವಲ್ಲ!”

ಡಾಂಬರು ತನ್ನ ಹಿಡಿತವನ್ನು ತಡವಿ ನೋಡಿತು. “ಹಾಗಾದರೆ ನಾನು ಹಿಡಿದುಕೊಂಡಿರುವುದು ಯಾರನ್ನು?”

“ನನ್ನನ್ನು,” ಎಂದಿತು ನಡುವೆ ಕೂತಿದ್ದ ಧೂಳು, ನೀರಿನಲ್ಲಿ ನೆನೆದು ಕರಗುತ್ತಾ.

“ನೋಡಪ್ಪ, ಮನೆಮುರುಕಿ ಎಂಬ ಹೆಸರು ನನಗೆ ಬೇಡ,” ಎಂದಿತು ನೀರು. “ನೀವು ಕೂಡಿದ್ದರೆ ತಾನೆ ನಾನು ಅಗಲಿಸುವುದು?”

ಅಷ್ಟರಲ್ಲಿ ಲಾರಿ ಬಂತು. ಚಕ್ರ ಹಾದುಹೋದಾಗ ಜಲ್ಲಿ ಚಿಮ್ಮಿ ಚರಂಡಿಗೆ ಬಿದ್ದಿತ್ತು, ಡಾಂಬರಿನ ತೆಕ್ಕೆಯಲ್ಲಿ ಕೆಸರುನೀರು ತುಂಬಿತ್ತು.

ಬೆಳಿಗ್ಗೆ ಗುಂಡಿ ಮುಚ್ಚಲು ಆಳುಗಳು ಬಂದರು. “ಅಯ್ಯಾ, ಮೊದಲು ಪೊರಕೆ ಹಾಕಿ, ಪೊರಕೆ!” ಎಂದು ಅಂಚಿನಲ್ಲಿ ಉಳಿದಿದ್ದ ಡಾಂಬರು ಕೂಗಿಕೊಂಡಿತು.

ಅವರು ತಂದಿದ್ದು ಒಂದು ಬುಟ್ಟಿ ಮಣ್ಣು.