ರೆಗ್ಯುಲೇಟರಕ್ಕ ಕಡಿಮೆ ಬಡಿಸಿದ್ದು

ಒಂದು ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಇದ್ದ. ಅವನಿಗೆ ವಿದ್ಯುತ್ ಬಡಿಸುವ ರೆಗ್ಯುಲೇಟರಕ್ಕ ಅವನ ಮಗ್ಗುಲಲ್ಲೇ ಇದ್ದಳು. ಒಂದೂಕಾಲು ವೋಲ್ಟ್ ಕೊಡಬೇಕೆಂದು ಕಂಪ್ಯೂಟರಿನ ಯಜಮಾನಿ ಗೊತ್ತುಮಾಡಿದ್ದರು. ಒಂದು ದಿನ ಪ್ರೊಸೆಸರ್ ಮೈಮುರಿದು ದುಡಿಯುತ್ತಿದ್ದಾಗ, ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಅಳೆಯುವ ಸೆನ್ಸರ್ ಕೂಗಿ ಹೇಳಿತು: "ನಿನಗೆ ಬರುತ್ತಿರುವುದು ಗೊತ್ತುಮಾಡಿದ್ದಕ್ಕಿಂತ ಕಡಿಮೆ ಕಣಯ್ಯ! ದುಡಿಯುವ ತಮ್ಮನಿಗೇ ಕೈ ಬಿಗಿಹಿಡಿದು ಬಡಿಸುತ್ತಿದ್ದಾಳೆ ನಿನ್ನಕ್ಕ."

ಪ್ರೊಸೆಸರ್ ಅಕ್ಕನತ್ತ ತಿರುಗಿದ. "ಅಕ್ಕಾ, ಸುಮ್ಮನೆ ಕೂತಾಗ ಪೂರ್ತಿ ಕೊಡುತ್ತೀಯೆ, ದುಡಿಯುವಾಗ ಕಡಿಮೆ ಮಾಡುತ್ತೀಯೆ. ಇದು ನ್ಯಾಯವೇ?"

"ನಾನು ಕೊಟ್ಟದ್ದು ಸಾಲದೆ ಎಲ್ಲಾದರೂ ನಿನ್ನ ಲೆಕ್ಕ ತಪ್ಪಿದೆಯೇನೋ?" ಎಂದಳು ಅಕ್ಕ.

"ಅದಿಲ್ಲ."

"ಓಡುವ ಮಗುವಿನ ಕೈಗೆ ಬಿಸಿ ಹಾಲಿನ ಲೋಟವನ್ನು ಕಂಠದವರೆಗೆ ತುಂಬಿ ಕೊಡುತ್ತಾರೆಯೇ? ಅದು ಥಟ್ಟನೆ ನಿಂತರೆ ಹಾಲು ತುಳುಕಿ ಕೈ ಸುಡುವುದಿಲ್ಲವೇ?"

"ಕಥೆ ಬೇಡ. ಪೂರ್ತಿ ಕೊಡದಿದ್ದರೆ ನಾನು ದುಡಿಯುವುದಿಲ್ಲ" ಎಂದು ಮುನಿಸಿಕೊಂಡು ಪ್ರೊಸೆಸರ್ ಗಕ್ಕನೆ ಕೆಲಸ ನಿಲ್ಲಿಸಿಬಿಟ್ಟ.

ನಿಲ್ಲಿಸಿದ್ದೇ ತಡ, ಎಳೆದುಕೊಳ್ಳುವವರಿಲ್ಲದೆ ಬರುತ್ತಿದ್ದ ವೋಲ್ಟೇಜ್ ಪುಟಿದೆದ್ದಿತು. ಗೊತ್ತುಮಾಡಿದ ಮಟ್ಟವನ್ನು ಮುಟ್ಟಿ, ದಾಟದೆ ಅಲ್ಲೇ ನಿಂತಿತು. ಮೊದಲೇ ಪೂರ್ತಿ ತುಂಬಿದ್ದರೆ ಆ ನೆಗೆತ ತನ್ನನ್ನೇ ಸುಡುತ್ತಿತ್ತೆಂದು ಪ್ರೊಸೆಸರ್‌ಗೆ ಆಗ ಹೊಳೆಯಿತು. ಅವನು ಮತ್ತೆ ಕೆಲಸಕ್ಕೆ ಕುಳಿತ.

"ನೋಡು, ಮತ್ತೆ ಕಡಿಮೆ!" ಎಂದಿತು ಸೆನ್ಸರ್.

"ನೀನು ಅಳೆದದ್ದು ಸರಿಯಾಗಿಯೇ ಇದೆಯಪ್ಪ" ಎಂದ ಪ್ರೊಸೆಸರ್. "ಆದರೆ ಆ ಕಡಿಮೆಯನ್ನೂ ನನಗೆಂದೇ ಬಡಿಸಿದ್ದಾಳೆ ನಮ್ಮಕ್ಕ."