ಸೋಮಿ ಎಬ್ಬಿಸಿದ ಸುಳ್ಳು ಹೊಗೆ

ಒಂದಾನೊಂದು ಕಾಲ, ಸೀಮೆಎಣ್ಣೆಯ ಹೆಸರೇ ಯಾರೂ ಕೇಳದ ಕಾಲ, ನಡುಗಡಲಲ್ಲಿ ಒಂದು ದ್ವೀಪ ಇತ್ತಂತೆ. ಕಾಲು ಆಡಿಸಬೇಡ, ಸುಮ್ಮನೆ ಕೇಳು. ಅಲ್ಲಿಯ ಜನ ನೀಲಿ ತಿಮಿಂಗಿಲ ಹೊಡೆದು, ಅದರ ಕೊಬ್ಬು ಕಾಯಿಸಿ, ಆ ಎಣ್ಣೇಲಿ ದೀಪ ಹಚ್ಚೋರಂತೆ. ಮೊದಲು ಹುಟ್ಟು ಹಾಕೋ ದೋಣಿ ಇತ್ತು, ತಿಮಿಂಗಿಲ ಕೈಗೇ ಸಿಗ್ತಿರಲಿಲ್ಲ. ಆಮೇಲೆ ಹಾಯಿ ದೋಣಿ ಬಂತು, ಆಗಲೂ ತಪ್ಪಿಸಿಕೊಳ್ತಿತ್ತು. ಆಮೇಲೆ ಬಂತು ನೋಡು ಉಗಿಯ ಬಲದಲ್ಲಿ ಓಡೋ ಬೆಂಕಿ ದೋಣಿ, ತಿಮಿಂಗಿಲದ ರಕ್ತಕ್ಕೆ ಕಡಲೇ ಕೆಂಪಾಯ್ತಂತೆ. ಮನೆಗೊಂದು ದೀಪ ಸಾಲದಾಯ್ತು, ಹಿತ್ತಲಿಗೂ ಒಂದು, ಕೊಟ್ಟಿಗೆಗೂ ಒಂದು ಬೇಕಾಯ್ತು. ಹಸು ಏನು ರಾತ್ರಿ ಕೂತು ಓದುತ್ತಾ?

ಆ ಊರಲ್ಲಿ ಮೂವರು ಅಣ್ಣಂದಿರು, ಅವರಿಗೊಬ್ಬಳೇ ತಂಗಿ ಸೋಮಿ. ಅವಳ ಕೆಲಸ ಗುಡ್ಡದ ಮೇಲೆ ಕೂತು ಕಡಲು ಕಾಯೋದು. ತಿಮಿಂಗಿಲ ಉಸಿರು ಬಿಟ್ಟು ನೀರು ಚಿಮ್ಮಿದ್ರೆ ಕೂಗಬೇಕು, ಬಿರುಗಾಳಿ ಕಂಡ್ರೆ ಹೊಗೆ ಎಬ್ಬಿಸಬೇಕು. ಹೊಗೆ ಕಂಡಿತೋ, ಎಂಥಾ ಬೇಟೆ ಎದುರಿಗಿದ್ರೂ ದೋಣಿ ತಿರುಗಿಸಲೇಬೇಕು. ಸುಳ್ಳು ಹೊಗೆ ಎಬ್ಬಿಸಿದವರನ್ನ ಮಾತ್ರ ಹುಟ್ಟಿಲ್ಲದ ದೋಣೀಲಿ ಕೂರಿಸಿ ಕಡಲಿಗೆ ತಳ್ಳಿಬಿಡೋರಂತೆ. ಹಾಗೆ ಹೋದವರು ಯಾರೂ ತಿರುಗಿ ಬಂದಿಲ್ಲ.

ಬರ್ತಾ ಬರ್ತಾ ತಿಮಿಂಗಿಲ ಕಾಣೋದೇ ಅಪರೂಪ ಆಯ್ತು. ದೂರದ ಕಡಲಿಗೆ ಹೋಗಿದಾವೆ ಬಿಡು, ಇನ್ನೂ ದೊಡ್ಡ ದೋಣಿ ಮಾಡಿಸಿದ್ರಾಯ್ತು ಅಂದ ದೊಡ್ಡಣ್ಣ ಜಟ್ಟಿ. ಸೋಮಿಗೆ ಮಾತ್ರ ಆ ಮಾತು ನಂಬಿಕೆ ಆಗಲಿಲ್ಲ. ಒಂದು ದಿನ ನೋಡ್ತಾಳೆ, ದೊಡ್ಡದೊಂದು ಉಸಿರು, ಪಕ್ಕದಲ್ಲೇ ಚಿಕ್ಕದೊಂದು. ತಾಯಿ, ಮರಿ. ಅವಳು ಕೂಗಲಿಲ್ಲ. ಆಮೇಲೆ ಮತ್ತೆ ಬಂದ್ವು, ಆಗಲೂ ಬಾಯಿ ಬಿಗಿದು ಕೂತ್ಲು. ಮೂರನೇ ಸಲ ದಡದಿಂದ ಜಟ್ಟಿನೇ ಅವನ್ನ ನೋಡಿಬಿಟ್ಟ.

ಬೆಂಕಿ ದೋಣಿ ಹೊರಡ್ತು. ತಾಯಿ ಒಬ್ಬಳೇ ಆಗಿದ್ರೆ ಓಡಿಬಿಡ್ತಿದ್ಲು, ಮರಿಗೆ ಅಷ್ಟು ಕಸುವೆಲ್ಲಿ? ಅದು ಹಿಂದೆ ಬೀಳೋದು, ಇವಳು ನಿಲ್ಲೋದು. ದೋಣಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಜಟ್ಟಿ ಈಟಿ ಎತ್ತಿದ. ಗುಡ್ಡದ ಮೇಲೆ ಸೋಮಿಯ ಕೈಯಿಂದ ಕೊಳ್ಳಿ ಎರಡು ಸಲ ಜಾರಿ ಬಿತ್ತಂತೆ. ಮೂರನೇ ಸಲಕ್ಕೆ ಹಸಿ ಸೊಪ್ಪು ಹತ್ತಿಕೊಂಡು ಹೊಗೆ ಎದ್ದಿತು, ದೋಣಿ ತಿರುಗ್ತು.

ದಡಕ್ಕೆ ಬಂದು ನೋಡಿದ್ರೆ ಗಾಳಿಯೂ ಇಲ್ಲ, ಮೋಡವೂ ಇಲ್ಲ. ಊರೆಲ್ಲ ಸೇರ್ತು. ತಳ್ಳಬೇಕಾದವನು ಮನೆಯ ಹಿರಿಯ, ಅಂದ್ರೆ ಜಟ್ಟಿನೇ. ಅವನ ಕಣ್ಣಲ್ಲಿ ನೀರು, ಆದ್ರೂ ಊರ ಕಟ್ಟಳೆ ಮೀರೋ ಹಾಗಿಲ್ಲ. ದೋಣೀಲಿ ಕೂತ ಸೋಮಿ ಅಂದ್ಲಂತೆ, ತಳ್ಳಣ್ಣ, ಬೇಡ ಅನ್ನಲ್ಲ, ಆದ್ರೆ ಅಪ್ಪ ಮಾಡ್ತಿದ್ದ ಹಾಗೆ ಒಂದ್ಸಲ ಹುಟ್ಟು ನೀರಿಗಿಳಿಸಿ ಅದರ ಹಿಡಿಗೆ ಕಿವಿ ಕೊಡು. ಹಳಬರು ತಿಮಿಂಗಿಲದ ದನಿ ಕೇಳ್ತಿದ್ದದ್ದು ಹಾಗೇ, ಬೆಂಕಿ ದೋಣಿ ಗದ್ದಲದಲ್ಲಿ ಎಲ್ಲರೂ ಮರೆತಿದ್ರು. ಕಿರಿಯಣ್ಣ ಕಿವಿಯಿಟ್ಟು ಬರೀ ಅಲೆ ಅಂದ. ನಡುವಿನಣ್ಣ ಕಿವಿಯಿಟ್ಟು ಒಂದು ದನಿ ಇದೆ ಅಂದ. ಆಮೇಲೆ ಜಟ್ಟಿ ತುಂಬಾ ಹೊತ್ತು ಕಿವಿಯಿಟ್ಟ. ಆ ತಾಯಿ ಕೂಗೋದು, ಸುಮ್ಮನಾಗೋದು, ಮತ್ತೆ ಕೂಗೋದು. ಅಷ್ಟು ದೊಡ್ಡ ಕಡಲಲ್ಲಿ ಓ ಅನ್ನೋರು ಒಬ್ಬರೂ ಇರಲಿಲ್ಲ. ದೂರ ಹೋಗಿಲ್ಲ ಕಣ್ರೋ, ನಾವೇ ಮುಗಿಸಿಬಿಟ್ಟಿದೀವಿ ಅಂತ ಜಟ್ಟಿ ಮರಳಲ್ಲಿ ಕುಸಿದು ಅತ್ತನಂತೆ. ಊರವರೂ ಒಬ್ಬೊಬ್ಬರಾಗಿ ಕಿವಿಯಿಟ್ಟು ತಲೆ ತಗ್ಗಿಸಿದ್ರು. ತಂಗೀನ ಕೈಹಿಡಿದು ಇಳಿಸಿಕೊಂಡ್ರು, ಈಟಿಗಳನ್ನ ಆಳದ ನೀರಿಗೆ ಬಿಟ್ರು, ತೆಂಗಿನೆಣ್ಣೆ ದೀಪ ಹಚ್ಚಿದ್ರು, ಅದೂ ಮನೆಗೊಂದೇ.

ಮಾರನೇ ದಿನವೇ ತಿಮಿಂಗಿಲ ತುಂಬಿಕೊಂಡ್ವಾ ಅಂತ ಕೇಳಬೇಡ. ಅವೇನು ಕೋಳಿಮರಿಗಳಾ? ಒಂದು ಬಸಿರಿಗೇ ವರ್ಷ ಬೇಕು, ಹೆತ್ತ ಮೇಲೆ ಮತ್ತೆ ಹೆರೋಕೆ ಇನ್ನೂ ವರ್ಷಗಳು. ಹಿಮದ ಕಡಲಲ್ಲಿ ಹೆದರಿ ದನಿ ಎತ್ತದೆ ಅಡಗಿದ್ದ ಕೆಲವು ಮೆಲ್ಲಗೆ ಈಚೆ ಬಂದ್ವಂತೆ. ಸೋಮಿಯ ತಲೆ ಬೆಳ್ಳಗಾಯ್ತು, ಜಟ್ಟಿಯ ಕಣ್ಣು ಪೂರಾ ಹೋಯ್ತು.

ಆಮೇಲೆ ಒಂದು ದಿನ ಇಬ್ಬರೂ ಮೀನಿಗೆ ಹೋಗಿದ್ದಾಗ ದೋಣಿ ಸುಮ್ಮಸುಮ್ಮನೆ ತೂಗಾಡ್ತಂತೆ. ಸೋಮಿ ಬಗ್ಗಿ ನೋಡ್ತಾಳೆ, ದೋಣಿ ಕೆಳಗೆ ನೀಲಿ ಬೆನ್ನು ಹಾದುಹೋಗ್ತಿದೆ. ಅವಳು ಹೇಳಿದ್ದೇ ತಡ, ಸೇಡು ತೀರಿಸ್ಕೊಳ್ಳೋಕೆ ಬಂತು ಅಂತ ಜಟ್ಟಿ ದೋಣಿಯ ಅಂಚು ಬಿಗಿಯಾಗಿ ಹಿಡ್ಕೊಂಡ. ಅದಕ್ಕೆ ಇವರ ಗುರುತೂ ಇಲ್ಲ, ಗೊಡವೆಯೂ ಇಲ್ಲ. ಆಮೇಲೆ ಇನ್ನೊಂದು ಬಂತು, ಆಮೇಲೆ ಮರಿ ಕಟ್ಟಿಕೊಂಡು ಮತ್ತೊಂದು ಬಂತು. ಹಿಂದಿನಷ್ಟಿಲ್ಲ, ಆದ್ರೂ ಇವೆ. ತುಂಬಾ ಹೊತ್ತಾದ ಮೇಲೆ ಜಟ್ಟಿ ಕೇಳಿದ, ಹೋದ್ವೇನೇ ತಂಗಿ? ಸೋಮಿ ಅಳ್ತಾ ನಗ್ತಾ ಅಂದ್ಲಂತೆ, ಇಲ್ಲಣ್ಣ, ಇನ್ನೂ ಹೋಗ್ತಾನೇ ಇದಾವೆ.

ಅವು ಹೋಗ್ತಾ ಇರ್ಲಿ. ನಮ್ಮ ಕತೆ ಮುಗೀತು, ಮುಸುಕು ಹಾಕ್ಕೊಂಡು ಮಲಗು.