ಗಾಣಕ್ಕೆ ಹೋದ ಎಂಜಿನ್

ಶಿಷ್ಯ ದುಂಡಪ್ಪ ಕೇಳಿದ: “ಪೂಜ್ಯರೇ, ಅಧ್ಯಯನಹೀನನಾಗಿದ್ದ ಕಾಲದಲ್ಲಿ ನಾನು ಊರಿನ ಕಟ್ಟೆಯ ಮೇಲೆ ಕುಳಿತು ಕತೆ ನುಡಿದರೆ ಜನ ಏಳದೆ ಆಲಿಸುತ್ತಿದ್ದರು. ಇಂದು ಶಾಸ್ತ್ರಗಳನ್ನು ಅವಲೋಕಿಸಿ, ಭಾಷೆಯನ್ನು ಪರಿಷ್ಕರಿಸಿಕೊಂಡು ಪ್ರವಚನಗೈದರೆ ಶ್ರೋತೃವೃಂದ ನಿದ್ರಾವಶವಾಗುತ್ತಿದೆ. ಕಾರಣವೇನು? ಪ್ರವಚನವನ್ನೇ ತ್ಯಜಿಸಲೇ?”

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ತಂದೆಯ ಕಾಲದ ಒಂದು ಕಾರಿತ್ತು. ಪರದೇಶದ್ದು, ಭಾರಿ ಎಂಜಿನ್ನಿನದು. ಅದು ಹೊರಟರೆ ಓಣಿಯ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಬರಬರುತ್ತ ಕೆಟ್ಟು ಮೂಲೆ ಸೇರಿತು. ಹಳೆಯ ಕಾರುಗಳಿಗೆ ಈಗ ಒಳ್ಳೆಯ ಬೆಲೆ ಎಂದು ಯಾರೋ ಹೇಳಿದರು. ಅಂಗಡಿಯ ಪಕ್ಕದ ಮಳಿಗೆ ಕೊಳ್ಳಬೇಕೆಂಬುದು ವ್ಯಾಪಾರಿಯ ಬಹುದಿನದ ಆಸೆ. ಕಾರು ಮಾರಿದರೆ ಅದು ಕೈಗೂಡುತ್ತದೆ ಎಂದುಕೊಂಡ.

ಕಾರನ್ನು ಗ್ಯಾರೇಜಿಗೆ ಒಯ್ದ. ಎಂಜಿನ್ ರಿಪೇರಿ ಮಾಡಿಸಿದ, ತುಕ್ಕು ಕೆರೆಸಿದ, ಬಣ್ಣ ಹೊಡೆಸಿದ, ಸೀಟು ಹೊಲಿಸಿದ. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಗುಡುಗುವ ಹಳೆಯ ಎಂಜಿನ್ ಅವನಿಗೆ ನಾಚಿಕೆ ತಂದಿತು. ಅದನ್ನು ಇಳಿಸಿ, ಸದ್ದಿಲ್ಲದ ಹೊಸದೊಂದನ್ನು ಕೂರಿಸಿದ. ಹಳೆಯದನ್ನು ಒಬ್ಬ ರೈತ ಕಬ್ಬಿನ ಗಾಣ ತಿರುಗಿಸಲು ಒಯ್ದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು.

ಕೊಳ್ಳುವವನು ಬಂದ. ಬಣ್ಣ ನೋಡಿ ತಲೆದೂಗಿದ. ಆಮೇಲೆ ಬಾನೆಟ್ ಎತ್ತಿ, ಎಂಜಿನ್ನಿನ ಮೈಮೇಲೆ ಕೆತ್ತಿದ್ದ ನಂಬರನ್ನು ಓದಿದ. ಕಾರಿನ ಕಾಗದದಲ್ಲಿದ್ದ ನಂಬರಿಗೆ ಅದು ತಾಳೆಯಾಗಲಿಲ್ಲ.

“ಬಣ್ಣ ಇನ್ನೊಮ್ಮೆ ಹೊಡೆಸಬಹುದು, ಸೀಟು ಇನ್ನೊಮ್ಮೆ ಹೊಲಿಸಬಹುದು. ಇದರ ಜೊತೆಗೇ ಹುಟ್ಟಿದ ಎಂಜಿನ್ ಎಲ್ಲಿ ಸ್ವಾಮಿ? ಅದಿಲ್ಲದೆ ಇದು ಚೆಂದದ ಡಬ್ಬಿ ಅಷ್ಟೆ,” ಎಂದು ಹೊರಟುಹೋದ.

ವ್ಯಾಪಾರಿಯ ಎದೆ ಒಡೆಯಿತು. ಗಾಣದ ಕಡೆ ಓಡಿದ. ಎಂಜಿನ್ ಅಲ್ಲಿ ಗುಡುಗುತ್ತ ಕಬ್ಬು ಹಿಂಡುತ್ತಿತ್ತು. ನಂಬರಿನ ಸಂಗತಿ ಹೇಳಿ, ದಯವಿಟ್ಟು ಹಿಂದಕ್ಕೆ ಕೊಡು ಎಂದು ರೈತನಿಗೆ ಕೈಮುಗಿದ.

“ನಿಮ್ಮ ಹೊಸಾದು ಕೊಡ್ರಿ, ಇದನ್ನ ಒಯ್ರಿ ಸಾವಕಾರ್ರ,” ಎಂದ ರೈತ. “ನಂಬರ್ ತಗೊಂಡು ನನ್ನ ಗಾಣ ಏನ್ ಮಾಡತೈತಿ? ಕಬ್ಬು ಹಿಂಡಿದ್ರ ಆತು.”

ಹೋಗುವಾಗ ಒಂದು ಅಚ್ಚು ಬೆಲ್ಲವನ್ನೂ ಕೊಟ್ಟ.

ಎಂಜಿನ್ ತನ್ನ ಜಾಗಕ್ಕೆ ಮರಳಿತು. ಅದಕ್ಕೆ ಹತ್ತಿದ್ದ ಬೆಲ್ಲದ ಜಿಗುಟು ಪೂರ್ತಿ ಹೋಗಲಿಲ್ಲ. ಕೊಳ್ಳುವವನು ಮತ್ತೆ ಬಂದ. ಕಾರು ಗುಡುಗಿತು. ಅವನು ಚೌಕಾಸಿಗೆ ಬಾಯಿಯನ್ನೇ ತೆರೆಯಲಿಲ್ಲ. ಪಕ್ಕದ ಮಳಿಗೆ ವ್ಯಾಪಾರಿಯದಾಯಿತು. ರೈತನ ಗಾಣವೂ ನಿಲ್ಲಲಿಲ್ಲ. ಎಲ್ಲರಿಗೂ ಸಂತೋಷವೇ.

ದುಂಡಪ್ಪ ಕೈಜೋಡಿಸಿದ. “ಈ ದೃಷ್ಟಾಂತದ ತಾತ್ಪರ್ಯವನ್ನು ತಾವು ಅನುಗ್ರಹಿಸಬೇಕು.”

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ಇದನ್ನ ನಿಮ್ಮವ್ವಗ ಹೆಂಗ ಕೇಳತಿದ್ದಿ, ತಮ್ಮಾ?”

“ಯವ್ವಾ, ಇದರ ಅರ್ಥ ಏನಬೇ?” ಎಂದ ದುಂಡಪ್ಪ. ಅವನ ಮುಖ ಅರಳಿತು.